ಒಂದು ಗೇಣು ಗಿಡ್ಡ

(ಚಿಲೋಯೆ ದ್ವೀಪದ ಬಡಗಿಯೊಬ್ಬನ ಮಾತು)

ಸುತ್ತಿಗೆಯ ಹಿಡಿಯಿಂದ ಕಂಬಕ್ಕೆ ಎರಡು ಬಡಿದು
ಕಿವಿಗೊಡುತ್ತೇನೆ.
ಗಟ್ಟಿ ಮರ ತಡೆದು ‘ಹೂಂ’ ಅನ್ನುತ್ತದೆ.
ಟೊಳ್ಳು ಮರ ಮಾತು ಮುಗಿಯುವ ಮೊದಲೇ
ಎಲ್ಲಕ್ಕೂ ಒಪ್ಪಿಕೊಳ್ಳುತ್ತದೆ,
ಸಾಲ ಕೇಳಲು ಬಂದವನ ಹಾಗೆ.

ಒತಿಲಿಯಾ ಬಾರ್ರಿಯಾ ನನ್ನ ಬೆನ್ನಿಗೇ ಇದ್ದಾಳೆ
ಒದ್ದೆ ಕೈ ಒರೆಸಿಕೊಳ್ಳುತ್ತ.
ಗಂಡ ನೊಲ್ಬೆರ್ತೊ ಹೊರಗೆ, ಆಲೂಗಡ್ಡೆ ಮಡಿಯಲ್ಲಿ
ಗೂಟ ನೆಟ್ಟು, ದಾರ ಬಿಗಿದು
ಇನ್ನೂ ಇಲ್ಲದ ಮನೆಯ ಮೂಲೆ ಅಳೆಯುತ್ತಿದ್ದಾನೆ.
ದೋಣಿ ಮಾರಿದ ದುಡ್ಡು ಬಿಸ್ಕತ್ತಿನ ಡಬ್ಬಿಯಲ್ಲಿದೆ.
ಒಂದು ಮನೆಗೆ ಸಾಕು,
ಹಳೆಯದಕ್ಕೋ ಹೊಸದಕ್ಕೋ.
“ನೀವು ಹೇಳಿದ ಹಾಗೆ ಮೇಸ್ತ್ರಿ” ಅಂದಿದ್ದಾರೆ ಇಬ್ಬರೂ,
ಬೇರೆ ಬೇರೆ ಹೊತ್ತಿನಲ್ಲಿ,
ಬೇರೆ ಬೇರೆ ಉತ್ತರ ಬಯಸಿ.

ಗೋಡೆಯಿಂದ ಬಿದ್ದ ಅಲೆರ್ಸೆ ಚಿಪ್ಪೊಂದರ ಮೇಲೆ
ಪೆನ್ಸಿಲಿನಲ್ಲಿ ಬರೆಯುತ್ತೇನೆ:
ರಿಪೇರಿಯಾದರೆ ತಳತೊಲೆ ಮೂರು, ಕಿಟಕಿ ಐದು,
ಬಡಗಣ ಗೋಡೆಯ ಹೊದಿಕೆ ಪೂರ್ತಿ
(ಈ ಮರ ಕಡಿಯಲು ಈಗ ಯಾರೂ ಬಿಡುವುದಿಲ್ಲ),
ಮತ್ತೆ ಬಿಚ್ಚಿದ ಮೇಲೆ ಏನೇನು ಕಾಣುತ್ತೋ ಅದು.
ಹೊಸದಾದರೆ ಸಿಮೆಂಟು, ತಗಡು, ಪೈನ್ ಹಲಗೆ, ಆರು ವಾರ.
ಲೆಕ್ಕ ನೇರ.

ನಮ್ಮ ದ್ವೀಪದಲ್ಲಿ ಇಡೀ ಮನೆಗೆ ಎತ್ತು ಕಟ್ಟಿ
ಬೆಟ್ಟ ದಾಟಿಸಿದ್ದೇವೆ, ನೀರಲ್ಲಿ ತೇಲಿಸಿದ್ದೇವೆ.
ಒಬ್ಬ ಗಂಡಸಿನ ಮನಸ್ಸನ್ನು
ಅಂಗೈಯಗಲ ಸರಿಸುವ ಎತ್ತು ಇನ್ನೂ ಹುಟ್ಟಿಲ್ಲ.
ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಕಡಲ ಕಡೆಯ ಮೂಲೆಗೆ ನಾನಿನ್ನೂ ಹೋಗಿಲ್ಲ.
ಅಲ್ಲಿ ಬಡಿಯಬೇಕಿಲ್ಲ. ಅಲ್ಲಿಯ ಸದ್ದು ಗೊತ್ತು.

ನನಗಾಗ ಹತ್ತೊಂಬತ್ತು. ಗುರು ಜ್ವರದಲ್ಲಿ ಮಲಗಿದ್ದ.
ತೊಲೆ ಒಂದು ಗೇಣು ಗಿಡ್ಡವಾಯಿತು,
ಕೊಯ್ದವನು ನಾನೇ.
ಶನಿವಾರ. ಕೆಳಗೆ ಬಯಲಲ್ಲಿ ಫುಟ್‌ಬಾಲು.
ಶಿಳ್ಳೆ ಕೇಳಿಸುತ್ತಿತ್ತು.
ತುಂಡೊಂದನ್ನು ಸೇರಿಸಿದೆ, ಮೊಳೆ ಹೊಡೆದೆ,
ಮೇಲೊಂದು ಹಲಗೆ ಮುಚ್ಚಿದೆ, ಓಡಿದೆ.
ಗೆದ್ದೆವೋ ಸೋತೆವೋ ನೆನಪಿಲ್ಲ.
ನಲವತ್ತೊಂದು ವರ್ಷ ಹೊತ್ತಿತು ಆ ತುಂಡು,
ಒಮ್ಮೆಯೂ ನನ್ನ ಹೆಸರೆತ್ತದೆ.

ಕೆಡವಿ ಅಂದರೆ ಮುಗಿಯಿತು, ಎಲ್ಲ ಒಲೆಗೆ.
ಬೂದಿಯಲ್ಲಿ ಯಾರೂ ಅಳತೆಪಟ್ಟಿ ಹಿಡಿಯುವುದಿಲ್ಲ.
ಉಳಿಸಿ ಅಂದರೆ ಬಿಚ್ಚುವವನು ನಾನೇ, ಸರಿ,
ಪಕ್ಕದಲ್ಲಿ ದೀಪ ಹಿಡಿಯುವವಳು ಅವಳು.
“ಕೆಡವಿಬಿಡಿ ತಾಯಿ, ಇದರಲ್ಲಿ ಏನೂ ಉಳಿದಿಲ್ಲ.”
ನಾಲಗೆಯ ತುದಿಯಲ್ಲಿತ್ತು.

ಆಗ ಅವರ ಕಿರಿಯವಳು ಐಲಿನ್ ಬಂದು
ಒಲೆಯ ಬಳಿ ನೆಲದ ಮೇಲೆ ಗೋಲಿಯೊಂದನ್ನು ಇಟ್ಟಳು.
ಉರುಳಿಸಲಿಲ್ಲ. ಇಟ್ಟಳು, ಅಷ್ಟೆ.
ಅದು ಸ್ವಲ್ಪ ಯೋಚಿಸಿತು. ಹೊರಟಿತು.
ಮೇಜಿನ ಕಾಲು ಬಳಸಿ, ಬೆಕ್ಕಿನ ಬಾಲ ಸವರಿ
ಸೀದಾ ಆ ಮೂಲೆಗೆ. ಟಕ್.

“ಮನೆ ಕಡಲಿಗೆ ತಲೆಬಾಗುತ್ತೆ ಅಂತಿದ್ದಳು ನಮ್ಮತ್ತೆ.
ಇವಳು ಎಣಿಸೋಕೆ ಕಲಿತದ್ದೇ ಇಲ್ಲಿ.
ಗುಂಡಿ, ಬಟಾಣಿ, ನನ್ನ ಉಂಗುರ,
ಕಳೆದದ್ದೆಲ್ಲ ಇಲ್ಲಿಗೇ ಬಂದು ಕೂತಿರುತ್ತೆ.
ಏನಾದರೂ ಮಾಡಿ ಮೇಸ್ತ್ರಿ,
ಈ ಇಳಿಜಾರು ಮಾತ್ರ ಮುಟ್ಟಬೇಡಿ.”

ಹೊರಗಿನಿಂದ ಅವನು ಕೂಗಿದ:
“ನನಗೆ ಮುಚ್ಚುವ ಬಾಗಿಲು ಬೇಕು!
ಮೊಣಕಾಲಲ್ಲಿ ಒದೆಯದೆ ಮುಚ್ಚುವಂಥದ್ದು!”
ಅವನದೂ ನ್ಯಾಯವೇ.
ಆ ಬಾಗಿಲೂ ನನ್ನ ಆ ತುಂಡಿನ ಕೂಸು.

ಚಿಪ್ಪು ತಿರುಗಿಸಿದೆ. ಹಿಂಬದಿ ಖಾಲಿ.
ತಪ್ಪು ತಿದ್ದಲು ಎಷ್ಟಾಗುತ್ತದೆ, ಬರೆಯಬಲ್ಲೆ.
ಅದೇ ತಪ್ಪನ್ನು, ಎರಡು ಬೆರಳು ವಾಲಿದ್ದು ವಾಲಿದಂತೆಯೇ,
ಕೊಳೆಯದ ಮರದಲ್ಲಿ ಮತ್ತೆ ಕಟ್ಟಿಕೊಡಲು
ಎಷ್ಟು ಕೇಳುವುದು?

“ದೀಪ ತನ್ನಿ” ಅಂದೆ. “ಅವರನ್ನೂ ಕರೆಯಿರಿ.
ಆ ಹಲಗೆ ಬಿಚ್ಚಿದ ಮೇಲೆ ಹೇಳುತ್ತೇನೆ.”

ಮೊದಲ ಮೊಳೆ ಸಲೀಸಾಗಿ ಬಂತು.
ಅದೂ ಗಿಡ್ಡದೇ.